ಬಳ್ಳಾರಿ ರಾಯರ ತಂತಿ

ಸತ್ತವರ ಹೆಸರಿನಲ್ಲಿ ಜನ ಏನೇನು ದಾನ ಕೊಡುತ್ತಾರೆಂಬುದನ್ನು ನನ್ನಷ್ಟು ಕಂಡವನು ಕಾಶಿಯಲ್ಲಿ ಇನ್ನೊಬ್ಬನಿಲ್ಲ. ಯಮಧರ್ಮನಿಗೇ ಸಂಶಯ ಬಂದರೂ ಶಿವಾಲದ ನಮ್ಮ ಗಲ್ಲಿಗೆ ಬಂದು ನನ್ನನ್ನು ವಿಚಾರಿಸಿಕೊಂಡು ಹೋಗಬೇಕು. ನನ್ನ ಭಾವ ನರಸಿಂಹ ಭಟ್ಟರು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪಿತೃಕಾರ್ಯ ಮಾಡಿಸುವವರು. ನಾನು ಅವರ ಹೆಂಡತಿ ಅಂಬುಜಾಕ್ಷಿಯ ತಮ್ಮ, ಪ್ರಭಾಕರ. ಮಲಗುವುದು ಮೇಲಿನ ಕೋಣೆಯಲ್ಲಿ, ಬದುಕುವುದು ಕೆಳಗೆ ಅಕ್ಕನ ಅಡುಗೆಮನೆಯಲ್ಲಿ.

ಶಯ್ಯಾದಾನ ಎಂದರೆ ಸತ್ತವನಿಗೆ ಆ ಲೋಕದಲ್ಲಿ ಮಲಗಲು ಬೇಕಾದ ಮಂಚವನ್ನು ಈ ಲೋಕದಲ್ಲಿ ಭಟ್ಟರಿಗೆ ಕೊಡುವುದು. ಜೊತೆಗೆ ಹಾಸಿಗೆ, ಕೊಡೆ, ಚಪ್ಪಲಿ, ಮತ್ತು ಸತ್ತವನು ಬದುಕಿದ್ದಾಗ ಏನನ್ನು ಪ್ರೀತಿಸುತ್ತಿದ್ದನೋ ಅದು. ಇಲ್ಲಿ ಭಟ್ಟರು ಬಳಸಿದರೆ ಅಲ್ಲಿ ಅವನಿಗೆ ಮುಟ್ಟುತ್ತದೆ. ಭಾವನಿಗೆ ಬಂದ ಮಂಚ ಸಂಜೆಗೆ ಅಂಗಡಿಗೆ ವಾಪಸು ಹೋಗಿ ಮರುದಿನ ಇನ್ನೊಬ್ಬ ಸತ್ತವನ ಹೆಸರಲ್ಲಿ ಮತ್ತೆ ಬರುತ್ತಿತ್ತು. ಒಂದೇ ಮಂಚದ ಮೇಲೆ ಅರ್ಧ ಕರ್ನಾಟಕ ಸ್ವರ್ಗದಲ್ಲಿ ಮಲಗಿದೆ ಎಂದು ನಾನು ಹೇಳುವುದುಂಟು. ಭಾವನಿಗೆ ಆ ಮಾತು ಹಿಡಿಸುತ್ತಿರಲಿಲ್ಲ.

ಆ ವೈಶಾಖದಲ್ಲಿ ಬಿಸಿಲು ಎಷ್ಟಿತ್ತೆಂದರೆ ಘಾಟಿನ ಕಲ್ಲಿನ ಮೇಲೆ ದೋಸೆ ಹಾಕಿದ್ದರೆ ಎರಡೂ ಕಡೆ ಬೇಯುತ್ತಿತ್ತು. ಅಂಥ ದಿನ ಬಳ್ಳಾರಿಯಿಂದ ಒಬ್ಬ ವಿಧವೆ ಗಂಡ ರಾಯರ ವರ್ಷಾಂತಿಕದ ಕಾರ್ಯಕ್ಕೆ ಬಂದರು. ಅವರ ಹಿಂದೆ ರೈಲ್ವೆ ಪಾರ್ಸೆಲಿನಲ್ಲಿ ಬಂತು ರಾಯರ ಸ್ಟೀರಿಯೋ. ಒಂದೊಂದು ಸ್ಪೀಕರೂ ಬಟ್ಟೆ ಬೀರುವಿನಷ್ಟು. ನಾಲ್ವರು ಕೂಲಿಗಳು ಗಲ್ಲಿಯಲ್ಲಿ ಹೊತ್ತು ತರುವಾಗ ಎದುರಾದ ಗೂಳಿಯೊಂದು ಹಿಂದಕ್ಕೆ ಸರಿದು ದಾರಿ ಬಿಟ್ಟಿತು. ಕಾಶಿಯ ಗೂಳಿ ಹಿಂದಕ್ಕೆ ಸರಿದದ್ದು ಇತಿಹಾಸದಲ್ಲಿ ಅದೊಂದೇ ಸಲ.

"ಯಜಮಾನ್ರಿಗೆ ಇದೇ ಪ್ರಾಣ," ಅಂದರು ಬಳ್ಳಾರಿ ಅಮ್ಮ. "ಮಂಚ ಇಲ್ದಿದ್ರೂ ಇದ್ದುಬಿಡ್ತಾರೆ. ಇದಿಲ್ದೆ ಇರಲ್ಲ."

ಕೊನೆಯಲ್ಲಿ ಅವರು ರೇಷ್ಮೆ ವಸ್ತ್ರದ ಗಂಟು ಬಿಚ್ಚಿ ಎರಡು ತಂತಿಗಳನ್ನು ತೆಗೆದರು. ನನ್ನ ಮಣಿಕಟ್ಟಿನಷ್ಟು ದಪ್ಪ, ಮೇಲೆ ನೀಲಿ ನೂಲಿನ ನೇಯ್ಗೆ, ತುದಿಗೆ ಚಿನ್ನದ ಲೇಪ. ಯಂತ್ರದಿಂದ ಸ್ಪೀಕರಿಗೆ ಶಬ್ದ ಒಯ್ಯುವ ತಂತಿ. ಯಾವುದೋ ದೇಶದಿಂದ ತರಿಸಿದ್ದಂತೆ. ಅದರ ಬೆಲೆಗೆ ನಮ್ಮ ಘಾಟಿನಲ್ಲಿ ಎರಡು ದೋಣಿಯೂ ದೋಣಿಯವನ ಮಗಳ ಮದುವೆಯೂ ಆಗುತ್ತಿತ್ತು.

"ಇದರಿಂದಲೇ ಸ್ವರ ಸ್ವಚ್ಛ ಬರೋದು ಅಂತಿದ್ರು," ಎಂದರು ಆಕೆ. "ನೆಲಕ್ಕೆ ತಾಗಬಾರದು. ಬಾಣದ ಗುರುತಿದೆ ನೋಡಿ, ಆ ದಿಕ್ಕಿಗೇ ಇಡಬೇಕು. ಮತ್ತೆ ದಿನಾ ಇಷ್ಟು ಹೊತ್ತು ಅಂತ ನುಡಿಸ್ತಾ ಇದ್ರೆ ತಂತಿ ಹಣ್ಣಾಗುತ್ತಂತೆ."

ಭಾವ ಕೈಮುಗಿದು ಕೇಳಿದರು. ನೆಲ ಮುಟ್ಟಬಾರದು, ದಿಕ್ಕು ತಪ್ಪಬಾರದು, ಆವೃತ್ತಿ ತುಂಬಿದ ಮೇಲೆಯೇ ಸಿದ್ಧಿ. "ಇದು ತಂತಿಯಲ್ಲ ಕಣೋ ಪ್ರಭಾಕರ," ಎಂದರು ನನಗೆ. "ಇದು ಅನುಷ್ಠಾನ."

ಪಿತೃಗಳ ದಿಕ್ಕು ದಕ್ಷಿಣ. ಆದ್ದರಿಂದ ಸ್ಪೀಕರುಗಳು ಮುಂದಿನ ಕೋಣೆಯ ದಕ್ಷಿಣದ ಗೋಡೆಗೆ ಹೋದವು, ಬಾಣಗಳು ಯಮನ ಊರಿನ ಕಡೆಗೆ ತಿರುಗಿದವು. ತಂತಿ ನೆಲ ಮುಟ್ಟದಂತೆ ಕೆಳಗೆ ಸಾಲಾಗಿ ಊಟದ ಮಣೆಗಳನ್ನು ಇಟ್ಟದ್ದಾಯಿತು. ಸ್ನಾನ ಮಾಡದವರು ಅದನ್ನು ಮುಟ್ಟುವಂತಿಲ್ಲ. ಊಟಕ್ಕೆ ನಾವು ಬರಿನೆಲದಲ್ಲಿ ಕೂತೆವು.

ಆ ಮುಂದಿನ ಕೋಣೆ ಭಾವನ ಮಗ ನಂದನನದು. ಅವನು, ಹೆಂಡತಿ ಶ್ರೀರಮಾ, ಮಗಳು ಸಾತ್ವಿಕಾ ಅಲ್ಲೇ ಮಲಗುತ್ತಿದ್ದರು, ಹುಡುಗಿ ಅಲ್ಲೇ ಓದುತ್ತಿತ್ತು. ಈಗ ಮೂವರೂ ಎರಡು ಸ್ಪೀಕರುಗಳ ನಡುವೆ ಮಲಗಬೇಕಾಯಿತು. ಶ್ರೀರಮಾ ಸೌಟು ತೊಳೆಯುತ್ತ ಅತ್ತೆಗೆ ಹೇಳಿದಳು, "ರಾಯರಿಗೆ ಆ ಲೋಕದಲ್ಲಿ ಜಾಗ ಆಯ್ತು. ನಮಗೆ ಈ ಲೋಕದಲ್ಲಿ ಹೋಯ್ತು."

"ದಸರೆವರೆಗೆ ತಡ್ಕೋ," ಎಂದಳು ಅಕ್ಕ. "ಆಮೇಲೆ ನಿಮ್ಮ ಲಂಕಾದ ಮನೆ ಇದ್ದೇ ಇದೆಯಲ್ಲ."

ಈ ದಸರೆಯ ವಿಷಯ ಹೇಳಬೇಕು. ನಂದನ ಕಾಶಿಯ ಲಂಕಾ ಬಡಾವಣೆಯಲ್ಲಿ, ವಿಶ್ವವಿದ್ಯಾಲಯದ ಗೇಟಿನ ಎದುರು ಒಂದು ಮೊಬೈಲ್ ಅಂಗಡಿಯಲ್ಲಿ ಹೆಡ್‌ಫೋನು ರಿಪೇರಿ ಮಾಡುತ್ತಿದ್ದ. ಅವನು ಮುಟ್ಟಿದರೆ ಸತ್ತ ಫೋನು ಎದ್ದು ಕೂತು ಮನೆಯವರನ್ನು ವಿಚಾರಿಸುತ್ತಿತ್ತು. ದಸರೆಯಿಂದ ಅವನಿಗೆ ಸ್ವಂತ ಕೌಂಟರು, ಅಂಗಡಿಯ ಮೇಲೆಯೇ ಬಾಡಿಗೆಗೆ ಕೋಣೆ ಎಂದು ಮಾಲೀಕ ಮಾತು ಕೊಟ್ಟಿದ್ದ. ನಂದನನಿಗೆ ಮಂತ್ರವೆಲ್ಲ ಬಾಯಿಪಾಠ. ಹುಡುಗನಾಗಿದ್ದಾಗಲೇ ಭಾವ ಬೆತ್ತ ಹಿಡಿದು ಕಲಿಸಿದ್ದರು. ಆದರೂ ಘಾಟಿಗೆ ಇಳಿಯುವುದೆಂದರೆ ಅವನಿಗೆ ಆಗದು. ಅಪ್ಪ ಮಗನ ನಡುವೆ ಒಂದು ಒಪ್ಪಂದವಿತ್ತು. ಭಾವ ಅದನ್ನು ಊಟದ ಹೊತ್ತಿನಲ್ಲಿ ಆಗಾಗ ನೆನಪಿಸುತ್ತಿದ್ದರು.

"ನನ್ನ ಗಂಟಲು ನಡೆಯೋವರೆಗೆ ನೀನು ನಿನ್ನ ದುಕಾನ್ ನೋಡ್ಕೋ. ನಾನು ಕರೆಯಲ್ಲ. ನಾನು ಕೈಲಾಗದೆ ಕೂತ ದಿನ ನೀನು ಇಳೀಬೇಕು. ಬರೋ ಯಾತ್ರಿಕರನ್ನ ಬಾಗಿಲಿಂದ ವಾಪಸು ಕಳಿಸಬಾರದು."

"ನಿನ್ನ ಗಂಟಲಿಗೆ ಇನ್ನೂ ಇಪ್ಪತ್ತು ವರ್ಷ ಏನೂ ಆಗಲ್ಲ ಬಿಡಪ್ಪ," ಎನ್ನುತ್ತಿದ್ದ ನಂದನ. ಸುಳ್ಳಲ್ಲ. ಭಾವ ಕೇದಾರ ಘಾಟಿನಲ್ಲಿ ಸಂಕಲ್ಪ ಹೇಳಿದರೆ ಆಚೆ ದಡದ ಮರಳಿನಲ್ಲಿ ಒಂಟೆಗಳು ತಲೆ ಎತ್ತುತ್ತಿದ್ದವು.

ಮೊದಲ ತಿಂಗಳಲ್ಲೇ ಜಗಳವಾಯಿತು. ಅಕ್ಕ ಪರ್ವಲ್‌ಕಾಯಿ ಹಾಕಿದ ಹುಳಿ ಬಡಿಸುತ್ತಿದ್ದಳು.

"ಅಪ್ಪ, ಆ ತಂತಿ ಮಾರಿಬಿಡೋಣ," ಎಂದ ನಂದನ. "ಗುರುತಿನವನೊಬ್ಬ ಇದ್ದಾನೆ, ದಿಲ್ಲೀಲಿ ಗಿರಾಕಿ ಹಿಡೀತಾನೆ. ಅಮ್ಮನ ಮಂಡಿ ಆಪರೇಷನ್ ಆಗುತ್ತೆ."

"ದಾನ ಬಂದದ್ದನ್ನ ಮಾರೋದಾ?"

"ಮಂಚ ಮಾರ್ತೀಯಲ್ಲ."

"ಮಂಚದ ವಿಚಾರ ಕೇಳೋಕೆ ಯಾರೂ ಫೋನ್ ಮಾಡಲ್ಲ," ಎಂದರು ಭಾವ. "ಆಯಮ್ಮ ಪ್ರತಿ ಭಾನುವಾರ ಮಾಡ್ತಾರೆ."

"ಸರಿ, ಮಾರಬೇಡ. ಆದ್ರೆ ಅದರಿಂದ ಸ್ವರ ಸ್ವಚ್ಛ ಬರುತ್ತೆ ಅಂತ ನನ್ನ ಹತ್ರ ಹೇಳಬೇಡ. ತಾಮ್ರ ಅಂದ್ರೆ ತಾಮ್ರ. ಕೂಲರಿನ ತಂತಿ ಹಾಕಿದ್ರೂ ಇಷ್ಟೇ ಕೇಳ್ಸುತ್ತೆ."

"ಗಂಗೆ ನೀರೂ ನಲ್ಲಿ ನೀರೂ ಒಂದೇ ಅಂತೀಯ?"

"ನಲ್ಲೀಲಿ ಬರೋದೂ ಗಂಗೆ ನೀರೇ ಅಪ್ಪ. ಭದೈನಿ ಪಂಪಿಂದ ಬರುತ್ತೆ."

ಭಾವ ಅನ್ನ ಕಲಸುವುದನ್ನು ನಿಲ್ಲಿಸಿದರು. "ಅಂಬುಜಾ, ನಿನ್ನ ಮಗನಿಗೆ ಮಜ್ಜಿಗೆ ಹಾಕಿ ಎಬ್ಬಿಸು. ಅವನ ಊಟ ಆಯ್ತು."

ಸಂಜೆ ದೀಪ ಹಚ್ಚಿದ ಮೇಲೆ ಭಾವ ಮಡಿಯುಟ್ಟು ಸ್ಟೀರಿಯೋ ಎದುರು ಕೂರುವರು. ರಾಯರ ಪ್ರೀತಿಯ ವೀಣೆಯ ಸಿ.ಡಿ. ಹಾಕುವರು. ಅಕ್ಕನಿಗೆ ತಲೆನೋವು ಬರುತ್ತಿತ್ತು, ಸಾತ್ವಿಕಾ ಕಿವಿಗೆ ಹತ್ತಿ ತುರುಕಿಕೊಂಡು ಲೆಕ್ಕ ಮಾಡುತ್ತಿತ್ತು. "ತಾತಾ, ಆವಾಜ್ ಥೋಡಾ ಕಮ್ ಕರೋ ನಾ," ಎಂದರೆ, "ನನಗಲ್ಲ ಪುಟ್ಟೀ, ರಾಯರಿಗೆ," ಎನ್ನುವರು. ಅಸ್ಸಿಯಿಂದ ರಾಜಘಾಟಿನವರೆಗೆ ನನ್ನಂಥ ಕಿವಿ ಇನ್ನೊಂದಿಲ್ಲ, ಪಾರಿವಾಳ ರೆಕ್ಕೆ ಬಡಿದರೆ ಯಾವ ಶ್ರುತಿ ಎಂದು ಹೇಳಬಲ್ಲೆ. ಆದ್ದರಿಂದ ಭಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

"ಕೇಳಿದೆಯಾ? ಬೆರಳು ತಂತಿ ಬಿಟ್ಟ ಮೇಲೆ ಉಳಿಯುತ್ತಲ್ಲ ಆ ಸ್ವರ? ಇದು ಬೇರೆ ತಂತೀಲಿ ಬರಲ್ಲ."

"ಬರೋದುಂಟಾ?" ಎನ್ನುತ್ತಿದ್ದೆ ನಾನು. "ಬೆರಳಿನ ಉಗುರು ಬೆಳೆಯೋದೂ ಕೇಳಿಸ್ತಿದೆ ಭಾವ."

ಭಾನುವಾರ ಬಳ್ಳಾರಿಯಿಂದ ಫೋನು ಬರುವುದು. ಭಾವ ಫೋನನ್ನು ಸ್ಪೀಕರಿನ ಮುಂದೆ ಹಿಡಿಯುವರು. ಆ ಕಡೆಯಿಂದ ಆಕೆ ಕೇಳುವರು, "ಭಟ್ರೇ, ಅವರಿಗೆ ಮುಟ್ತಾ ಇದೆಯಾ?" "ಮುಟ್ಟುತ್ತಿದೆ ತಾಯಿ," ಎನ್ನುವರು ಭಾವ. ನಲವತ್ತು ವರ್ಷದಿಂದ ಘಾಟಿನಲ್ಲಿ ಹೇಳಿದ್ದು ಅದೇ ಮಾತು. ಜನ ಅಷ್ಟು ದೂರದಿಂದ ರೈಲು ಹತ್ತಿ ಬರುವುದೂ ಆ ಒಂದು ಮಾತಿಗೇ.

ಆಷಾಢದಲ್ಲಿ ಕುಂಭಕೋಣದ ದಾಯಾದಿಯೊಬ್ಬರು ತೀರಿಕೊಂಡರು. ನಮಗೆ ಹತ್ತು ದಿನ ಸೂತಕ. ಘಾಟೂ ಇಲ್ಲ, ಸ್ಟೀರಿಯೋ ಕೂಡ ಇಲ್ಲ. ಗಲ್ಲಿಯವರೆಲ್ಲ ಆ ದಾಯಾದಿಗೆ ಸದ್ಗತಿ ಕೋರಿದರು. ಸೂತಕ ಕಳೆದ ಬೆಳಿಗ್ಗೆಯೇ ಭಾವ ಯಾತ್ರಿಕರೊಂದಿಗೆ ಗಯೆಗೆ ಹೊರಟರು. ಅಕ್ಕ ಮನೆ ಶುದ್ಧಿಗೆ ಸೊಂಟ ಕಟ್ಟಿದಳು. ಸೂತಕ ಕಳೆದರೆ ಮನೆಯಲ್ಲಿರುವ ಬಟ್ಟೆಯೆಲ್ಲ ನೀರು ಕಾಣಬೇಕು. ಪರದೆ, ಹೊದಿಕೆ, ದೇವರ ವಸ್ತ್ರ. ನೀಲಿ ನೂಲಿನ ತಂತಿಯೂ ಅವಳ ಕಣ್ಣಿಗೆ ಬಟ್ಟೆಯೇ.

ಗಂಗೆಯ ನೀರು ತುಂಬಿದ ಬಕೆಟಿನಲ್ಲಿ ಅದ್ದಿದಳು. ಕಲ್ಲಿಗೆ ನಾಲ್ಕು ಸಲ ಬಡಿದಳು. ತುದಿಯ ಚಿನ್ನದ ಲೇಪವನ್ನು ಹಿತ್ತಾಳೆಯೆಂದುಕೊಂಡು ಹುಣಸೆಹಣ್ಣು ಹಾಕಿ ಉಜ್ಜಿದಳು. ಆಮೇಲೆ ಒಂದು ತುದಿ ತಾನು, ಒಂದು ತುದಿ ಶ್ರೀರಮಾ ಹಿಡಿದು, ಒದ್ದೆ ಸೀರೆ ಹಿಂಡುವ ಹಾಗೆ ಹಿಂಡಿದರು. ಮಹಡಿಯ ಮೇಲೆ ಒಣಹಾಕಿದಾಗ ಕೋತಿಗಳು ಉಯ್ಯಾಲೆಯಾಡಿದವು.

ನಂದನ ಸಂಜೆ ಬಂದು ಪರೀಕ್ಷೆ ಮಾಡಿದ. ಎರಡು ಸ್ಪೀಕರೂ ಮೂಕ.

"ಅಮ್ಮ, ಏನು ಮಾಡಿದೆ ನೀನು?"

"ಒಗೆದೆ," ಎಂದಳು ಅಕ್ಕ. "ಸೂತಕದ್ದಲ್ಲವೇನೋ?"

"ಒಳಗೆ ಎಳೆ ಎಲ್ಲ ತುಂಡಾಗಿದೆ. ತುದಿ ನೋಡು, ಸವೆದು ಹೋಗಿದೆ."

ಅಕ್ಕ ಆ ತುದಿಯನ್ನು ಸೆರಗಿನಿಂದ ಒರೆಸಿದಳು. ಹೊರಗೆ ಹೇಳಿದ್ದು ಒಂದೇ ಮಾತು. "ಅವರು ಅನ್ನ ಬಿಡ್ತಾರೆ ಕಣೋ. ಆಯಮ್ಮನಿಗೆ ಏನು ಹೇಳ್ತಾರೆ?"

ಶ್ರೀರಮಾ ಗಂಡನ ಮುಖ ನೋಡಿದಳು. "ಕೂಲರಿನ ತಂತಿ ಹಾಕಿದ್ರೂ ಇಷ್ಟೇ ಕೇಳ್ಸುತ್ತೆ ಅಂತಿದ್ರಲ್ಲ ನೀವು."

ನಂದನ ನೀಲಿ ನೇಯ್ಗೆಯನ್ನು ಹಾವಿನ ಪೊರೆಯಂತೆ ಕಳಚಿದ. ಹಳೇ ಕೂಲರಿನ ಎರಡೆಳೆ ತಂತಿ ಕತ್ತರಿಸಿ, ದಪ್ಪ ಬರಲೆಂದು ಅದರ ಸುತ್ತ ನನ್ನ ಹರಿದ ಪಂಚೆಯ ಪಟ್ಟಿಗಳನ್ನು ಸುತ್ತಿ, ಮೇಲೆ ಪೊರೆ ತೊಡಿಸಿದ. ನೋಡಿದರೆ ಬ್ರಹ್ಮನಿಗೂ ಗೊತ್ತಾಗದು. ಮತ್ತೆ ಮಣೆಗಳ ಮೇಲೆ ಇಟ್ಟ, ಬಾಣ ದಕ್ಷಿಣಕ್ಕೆ.

"ಮಾವ, ನೀನು ಬಾಯಿ ಬಿಡಬಾರದು," ಎಂದ ನನಗೆ.

"ನನ್ನ ಬಾಯಿಂದ ಗುಟ್ಟು ಹೊರಬಿದ್ದದ್ದು ಹುಟ್ಟಿದಾಗಿನಿಂದ ಇಲ್ಲ," ಎಂದೆ.

ಮೂರು ದಿನದ ಮೇಲೆ ಭಾವ ಗಯೆಯಿಂದ ಬಂದರು. ಸ್ನಾನ ಮಾಡಿ, ದೀಪ ಹಚ್ಚಿ, ವೀಣೆ ಹಾಕಿದರು. ಅಡುಗೆಮನೆಯಲ್ಲಿ ಅಕ್ಕ ಒಲೆ ಆರಿಸಿ ಬಾಗಿಲ ಹಿಂದೆ ನಿಂತಳು. ಭಾವ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೂತರು. ಕಣ್ಣು ತೆಗೆದಾಗ ಅದರಲ್ಲಿ ನೀರಿತ್ತು.

"ಹಣ್ಣಾಯ್ತು ಕಣೋ ಪ್ರಭಾಕರ," ಎಂದರು. "ಹತ್ತು ದಿನ ಮೌನ ಇತ್ತಲ್ಲ, ಅದರಿಂದ. ಇಂಥ ಸ್ವರ ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ."

ನನ್ನ ಪಂಚೆಯ ಮಹಿಮೆ ಎಂದು ಹೇಳಬೇಕೆನ್ನಿಸಿತು. "ಮೊದಲ ಸ್ವರಕ್ಕೇ ನನಗೆ ಗೊತ್ತಾಯ್ತು ಭಾವ," ಎಂದೆ.

ಅದು ನಿಜ ಹೇಳಬೇಕೆಂದರೆ ಆ ಮನೆಯ ಒಳ್ಳೆಯ ಕಾಲ. ಶ್ರಾವಣ ಪೂರ್ತಿ ಭಾವ ಸಂತೋಷವಾಗಿದ್ದರು. ಬೆಳಿಗ್ಗೆ ಘಾಟಿನಲ್ಲಿ ಗಂಟಲು ಗಂಟೆಯಂತೆ ಮೊಳಗುತ್ತಿತ್ತು. ಸೊಸೆಗೆ ಗಲ್ಲಿಯ ಕಚೌಡಿ ತಂದು ಕೊಡುವರು. ನಂದನ ಮಾತ್ರ ಸಂಜೆ ವೀಣೆಯ ಹೊತ್ತಿಗೆ ಮನೆಯಲ್ಲಿ ಇರುತ್ತಿರಲಿಲ್ಲ. ತಂದೆ ಕೂಲರಿನ ತಂತಿಗೆ ಕಣ್ಣೀರು ಹಾಕುವುದನ್ನು ನೋಡಲಾಗುವುದಿಲ್ಲ ಎಂದು ಹೆಂಡತಿಗೆ ಹೇಳಿದ್ದನಂತೆ.

"ನಿಮ್ಮ ಮಾತು ಗೆದ್ದಿತಲ್ಲ, ಇನ್ನೇನು ಬೇಕು," ಎಂದಿದ್ದಳು ಶ್ರೀರಮಾ. "ಸುಮ್ಮನೆ ಇದ್ದುಬಿಡಿ. ದಸರೆ ಬರಲಿ."

ಭಾದ್ರಪದ ಬಂತು. ಆ ವರ್ಷ ಗಂಗೆ ಎರಡನೆಯ ಸಲ ಏರಿ ಘಾಟುಗಳನ್ನೆಲ್ಲ ನುಂಗಿ ನಮ್ಮ ಗಲ್ಲಿಯ ಬಾಯಿಗೆ ಬಂದು ನಿಂತಳು. ಪಿತೃಪಕ್ಷ ಹತ್ತಿರ. ಶ್ರೀರಮಾ ಲಂಕಾದ ಕೋಣೆಗೆಂದು ಪಾತ್ರೆಗಳನ್ನು ಆರಿಸಿ ಗೋಣಿಗೆ ತುಂಬಿದ್ದಳು. ಆ ಭಾನುವಾರ ನಂದನ ಬೇಗ ಬಂದಿದ್ದ. ನಾವೆಲ್ಲ ನೆಲದಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದೆವು. ಬಳ್ಳಾರಿಯ ಫೋನು ಬಂತು. ಭಾವ ಎಲ್ಲರಿಗೂ ಕೇಳುವಂತೆ ಮಾಡಿ ಹಿಡಿದರು.

"ಭಟ್ರೇ, ಈಗ ಹೇಗಿದೆ?"

"ತಂತಿ ಪೂರ್ತಿ ಹಣ್ಣಾಗಿದೆ ತಾಯಿ. ರಾಯರಿಗೆ ಒಂದು ಸ್ವರ ಬಿಡದೆ ಮುಟ್ಟುತ್ತಿದೆ."

ಆ ಕಡೆ ಅಳು ಕೇಳಿಸಿತು. ಸಂತೋಷದ್ದು. "ಹಾಗಾದ್ರೆ ನಾನು ಅಂದ್ಕೊಂಡದ್ದು ಮಾಡ್ತೀನಿ ಭಟ್ರೇ. ಕರೆಂಟಿನಿಂದ ಯಂತ್ರಕ್ಕೆ ಬರೋ ತಂತಿನೂ ಇಂಥದ್ದೇ ತರಿಸ್ಬೇಕು ಅಂತ ಅವರಿಗೆ ಆಸೆ ಇತ್ತು. ಆಗ್ಲಿಲ್ಲ. ನನ್ನ ಬಳೆ ಇವೆ. ಇನ್ನು ಯಾರಿಗೆ ಅವು. ಮುಂದಿನ ವರ್ಷದ ಕಾರ್ಯಕ್ಕೆ ತಂದು ಕೊಡ್ತೀನಿ."

ನಂದನ ತಟ್ಟೆ ಕೆಳಗಿಟ್ಟ. "ಅಪ್ಪ, ಬೇಡ ಅನ್ನು."

ಭಾವ ಕೈಯಿಂದ ಸುಮ್ಮನಿರೆಂದು ತೋರಿಸಿ, "ನಿಮ್ಮ ಶ್ರದ್ಧೆ ತಾಯಿ," ಎಂದು ಫೋನು ಇಟ್ಟರು.

"ಬೇಡ ಅನ್ನು ಅಂದೆ ನಾನು," ಎಂದ ನಂದನ. "ಬಳೆ ಮಾರ್ತಾರಂತೆ, ಕೇಳಿಸ್ಲಿಲ್ವಾ?"

"ಗಂಡನಿಗೆ ಕೊಡ್ತಾರೆ. ನಿನಗೇನು ನೋವು?"

"ಗಂಡನಿಗಲ್ಲ ಅಪ್ಪ. ದಿಲ್ಲೀ ಅಂಗಡಿಯವನಿಗೆ. ಮತ್ತೆ ಫೋನ್ ಮಾಡು, ಈ ತಂತಿಯಿಂದ ಏನೂ ಆಗಲ್ಲ ಅನ್ನು."

"ರೀ, ಬೇಡ," ಎಂದಳು ಶ್ರೀರಮಾ ಮೆಲ್ಲನೆ.

"ಶ್ರದ್ಧೆ ಇಲ್ಲದವನಿಗೆ ಕಿವಿ ಎಲ್ಲಿಂದ ಬರಬೇಕು?" ಎಂದರು ಭಾವ. "ದಿನಾ ಆ ಹುಡುಗರ ಕಿವಿಗೂಟ ರಿಪೇರಿ ಮಾಡ್ತೀಯ. ನಿನಗೆ ವೀಣೆ ಏನು ಗೊತ್ತು, ತಂತಿ ಏನು ಗೊತ್ತು. ಹೋಗು. ಹೇಗೂ ಹೋಗೋನು. ನಿನ್ನ ಅಂಗಡೀಲಿ ಇಂಥ ಒಂದು ಎಳೆ ಇದ್ರೆ ತಂದು ತೋರಿಸು, ನಾನು ನಿನ್ನ ಮಾತು ಕೇಳ್ತೀನಿ."

ಸಾತ್ವಿಕಾ ಅಪ್ಪನ ತೋಳು ಹಿಡಿದುಕೊಂಡಿತು. "ಪಾಪಾ, ಛೋಡೋ ನಾ." ಅವನು ಬಿಡಿಸಿಕೊಂಡು ಎದ್ದ. ಸ್ನಾನವಿಲ್ಲದೆ ತಂತಿಯನ್ನು ಹಿಡಿದ. ಬ್ಲೇಡಿನಿಂದ ನೀಲಿ ನೇಯ್ಗೆಯನ್ನು ಉದ್ದಕ್ಕೂ ಸೀಳಿದ. ನನ್ನ ಪಂಚೆಯ ಪಟ್ಟಿಗಳು ನೆಲಕ್ಕೆ ಬಿದ್ದವು. ನಡುವೆ ಕೂಲರಿನ ಬಡಕಲು ತಂತಿ, ಒಂದು ಕಡೆ ಕೆಂಪು, ಒಂದು ಕಡೆ ಕಪ್ಪು.

"ಇದು ಹಣ್ಣಾಗಿರೋದು," ಎಂದ ನಂದನ. "ನೀನು ಗಯೆಯಿಂದ ಬಂದಾಗಿನಿಂದ ಇದೇ ಇದೆ. ನಿಜವಾದದ್ದು ಅಮ್ಮನ ಪೆಟ್ಟಿಗೇಲಿ ಸತ್ತು ಬಿದ್ದಿದೆ."

ಭಾವ ತಂತಿಯನ್ನು ಕೈಗೆತ್ತಿಕೊಂಡು ನೋಡಿದರು. ಅಕ್ಕನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ನಾನೇ ಒಗೆದೆ," ಎಂದಳು ಅಕ್ಕ. "ತಪ್ಪಾಯ್ತು ಕಣ್ರೀ."

"ನಿನಗೆ?"

ಶ್ರೀರಮಾ ತಲೆ ತಗ್ಗಿಸಿದಳು.

"ಪ್ರಭಾಕರ, ನಿನಗೂ?"

ಮೂರು ಲೋಕಕ್ಕೆ ಸಾಕಾಗುವಷ್ಟು ಮಾತು ನನ್ನ ಹೊಟ್ಟೆಯಲ್ಲಿ ಸದಾ ಇರುತ್ತದೆ. ಆಗ ಮಾತ್ರ ನೆಲದಲ್ಲಿದ್ದ ಪಂಚೆಯ ಪಟ್ಟಿಗಳನ್ನು ಹೆಕ್ಕತೊಡಗಿದೆ.

ಭಾವ ಬಯ್ಯಲಿಲ್ಲ. "ನನಗೆ ಕೇಳಿಸಿತಲ್ಲ," ಎಂದರು. "ಬೆರಳು ಬಿಟ್ಟ ಮೇಲೆ ಉಳಿಯೋ ಸ್ವರ. ನನಗೆ ಕೇಳಿಸಿತು." ಆಮೇಲೆ ಮಣೆಗಳನ್ನು ಒಂದೊಂದಾಗಿ ಎತ್ತಿ ಅಡುಗೆಮನೆಗೆ ತಂದಿಟ್ಟರು.

ಮರುದಿನ ಅವರೇ ಬಳ್ಳಾರಿಗೆ ಫೋನು ಮಾಡಿದರು. ತಂತಿ ತರುವುದು ಬೇಡ ತಾಯಿ ಎಂದರು. ಯಾಕೆ ಎಂದು ಕೇಳಿದರೆ ಹೇಳಲಾಗಲಿಲ್ಲ. ಹೇಳಿದರೆ ಅಕ್ಕನ ಹೆಸರು ಬರುತ್ತದೆ. ತಡವರಿಸಿದರು. ಆಕೆ ಬೇರೆಯೇ ಅರ್ಥ ಮಾಡಿಕೊಂಡರು. "ತಂತಿ ಬದಲು ದಕ್ಷಿಣೆ ಬೇಕು ಅಂತ ಬಾಯಿಬಿಟ್ಟು ಹೇಳಿ ಭಟ್ರೇ. ಇದೇನು ಹೀಗೆ," ಎಂದು ಇಟ್ಟುಬಿಟ್ಟರು. ಮುಂದಿನ ಭಾನುವಾರ ಫೋನು ಬರಲಿಲ್ಲ.

ಸ್ಟೀರಿಯೋ ಮತ್ತೆ ಹಾಡಲಿಲ್ಲ. ನಂದನ ಎರಡು ಸಲ ಕೇಳಿದ, "ಅಪ್ಪ, ಹೊಸ ತಂತಿ ಹಾಕಿ ಕೊಡ್ತೀನಿ, ಕೇಳು. ವೀಣೆ ಅದೇ ಅಲ್ವಾ?" ಭಾವ "ನೋಡೋಣ" ಎಂದರು. ಬೆಳಿಗ್ಗೆ ಏಳುವುದು ತಡವಾಯಿತು. ನೇನುವಾ ಹೀರೆಯ ಪಲ್ಯಕ್ಕೆ ಉಪ್ಪು ಬಿದ್ದಿಲ್ಲ ಎಂಬುದೂ ತಿಳಿಯದೆ ಉಣ್ಣುತ್ತಿದ್ದರು. ಸಂಕಲ್ಪ ಹೇಳುವ ದನಿ ಈಗ ಗಲ್ಲಿಯ ಮೂಲೆಗೂ ಹೋಗುತ್ತಿರಲಿಲ್ಲ. ಯಾತ್ರಿಕರು "ಸ್ವಾಮೀ, ಮುಟ್ಟುತ್ತಲ್ವಾ?" ಎಂದರೆ ನೀರಿನ ಕಡೆ ನೋಡಿ, "ಶಾಸ್ತ್ರದಲ್ಲಿ ಹಾಗಿದೆ," ಎನ್ನುತ್ತಿದ್ದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಪಿತೃಪಕ್ಷದಲ್ಲಿ ಘಾಟು ನೀರಿನಡಿ ಇದ್ದುದರಿಂದ ಕಾರ್ಯಗಳೆಲ್ಲ ಮನೆಯಲ್ಲೇ, ಸ್ಪೀಕರುಗಳ ಎದುರಿಗೇ ನಡೆದವು. ಗುಂಪು ಹೆಚ್ಚು. ನಂದನ ಅಂಗಡಿಗೆ ರಜಾ ಹಾಕಿ ಆ ಪಕ್ಷಕ್ಕೆ ಮಾತ್ರ ಎಂದು ಮಂತ್ರ ಹೇಳಿಸಲು ಕೂತ. ಕೊಪ್ಪಳದ ಕಡೆಯ ಮೇಷ್ಟ್ರೊಬ್ಬರು ತಂದೆಯ ಶ್ರಾದ್ಧಕ್ಕೆ ಬಂದಿದ್ದರು. ವಿಶ್ವೇದೇವರ ಸ್ಥಾನಕ್ಕೆ ನಾನು, ಪಿತೃಸ್ಥಾನಕ್ಕೆ ಭಾವ ಕೂತೆವು. ಸತ್ತ ತಂದೆಯೇ ಬಂದು ಆ ಮಣೆಯ ಮೇಲೆ ಕೂತಂತೆ ಲೆಕ್ಕ.

ಅಕ್ಕನೂ ಶ್ರೀರಮಾಳೂ ನಸುಕಿನಿಂದ ಬೇಯಿಸಿದ್ದರು. ವಡೆ, ಪಾಯಸ, ಎಳ್ಳುಂಡೆ. ನಾನು ತಿಂದ ವಡೆಗಳನ್ನು ಪೋಣಿಸಿದ್ದರೆ ಕೇದಾರನಾಥನಿಗೆ ಮೂರು ಸುತ್ತು ಹಾರವಾಗುತ್ತಿತ್ತು. ಭಾವನೂ ಎಲೆಯಲ್ಲಿ ಏನೂ ಬಿಡದೆ ಉಂಡರು. ಊಟ ಮುಗಿಯಿತು. ಈಗ ಕರ್ತೃ ಕೇಳಬೇಕು, ಉಂಡವರು ಉತ್ತರಿಸಬೇಕು. ಆ ಉತ್ತರ ಬಂದರೆ ಶ್ರಾದ್ಧ ಪೂರ್ಣ.

ನಂದನ ಹೇಳಿಕೊಟ್ಟ. ಮೇಷ್ಟ್ರು ಕೈಮುಗಿದು ಕೇಳಿದರು, "ತೃಪ್ತಾಃ ಸ್ಥ?" ತೃಪ್ತರಾದಿರಾ?

"ತೃಪ್ತಾಃ ಸ್ಮಃ," ಎಂದೆ ನಾನು, ಗಂಗೆಯ ಆಚೆ ದಡಕ್ಕೆ ಕೇಳುವ ಹಾಗೆ.

ಭಾವ ಸುಮ್ಮನಿದ್ದರು. ಮೇಷ್ಟ್ರು ಇನ್ನೊಮ್ಮೆ ಕೇಳಿದರು. ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಅಪ್ಪ," ಎಂದ ನಂದನ.

"ನನಗೆ ಹೊಟ್ಟೆ ತುಂಬಿದೆ," ಎಂದರು ಭಾವ ಮೇಷ್ಟ್ರಿಗೆ. ದನಿಯಲ್ಲಿ ಮರ್ಯಾದೆಯಿತ್ತು. "ನಿಮ್ಮ ತಂದೆಯವರದ್ದು ನನಗೆ ಗೊತ್ತಿಲ್ಲಪ್ಪ. ಕೇಳಿಸಿತು ಅಂದುಕೊಂಡಿದ್ದೆ. ಇಲ್ಲ."

ಮೇಷ್ಟ್ರ ಕೈ ಮುಗಿದಂತೆಯೇ ಇತ್ತು. ಕಣ್ಣು ನಂದನನ ಕಡೆಗೆ ಹೋಯಿತು. ಆ ಮನುಷ್ಯನಿಗೆ ತಂದೆಯೊಡನೆ ಕೊನೆಯ ಕಾಲದಲ್ಲಿ ಮಾತುಕತೆ ನಿಂತಿತ್ತಂತೆ. ಬೆಳಿಗ್ಗೆ ಅಕ್ಕನ ಹತ್ತಿರ ಹೇಳಿಕೊಂಡಿದ್ದರು.

ನಂದನ ಅಪ್ಪನ ಹಿಂದೆ ಬಂದು ನಿಂತ. ಗಂಟಲು ಸರಿಮಾಡಿಕೊಂಡ. "ತೃಪ್ತಾಃ ಸ್ಮಃ," ಎಂದ. ದೊಡ್ಡ ದನಿ. ಅಪ್ಪನದೇ ದನಿ. "ನಿಮ್ಮ ತಂದೆ ತೃಪ್ತರಾದ್ರು ಮೇಷ್ಟ್ರೇ. ಅಪ್ಪಂಗೆ ವಯಸ್ಸಾಯ್ತು, ತಪ್ಪು ತಿಳೀಬೇಡಿ."

ಮೇಷ್ಟ್ರು ಅಲ್ಲೇ ಕುಸಿದು ಅತ್ತರು. ಅವರ ಹೆಂಡತಿ ನಂದನನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಭಾವ ಎಲೆ ಮಡಚಿ ಎದ್ದು ಕೈತೊಳೆಯಲು ಹೋದರು.

ಸಂಜೆ ಅವರು ಮಗನಿಗೆ ಹೇಳಿದ್ದು ಇಷ್ಟೇ. "ನಾನು ಕೂತೆ ನಂದನ."

"ಅಪ್ಪ, ಪಕ್ಷ ಕಳೀಲಿ, ನಿನಗೆ ಸರಿಹೋಗುತ್ತೆ."

"ಆ ಮಾತು ನನ್ನ ಬಾಯಲ್ಲಿ ಬರಲ್ಲ. ನಿನ್ನ ಬಾಯಲ್ಲಿ ಬಂತಲ್ಲ."

"ಅದು ಮತ್ಲಬ್, ಆ ಮನುಷ್ಯನ ಮುಖ ನೋಡಿ ಅಂದೆ ನಾನು. ನಂಬಿ ಅಂದದ್ದಲ್ಲ."

"ಗೊತ್ತು," ಎಂದರು ಭಾವ.

ದಸರೆಗೆ ಲಂಕಾದ ಕೌಂಟರಿನಲ್ಲಿ ಬೇರೆಯವನು ಕೂತ. ಶ್ರೀರಮಾ ಗೋಣಿಯ ಪಾತ್ರೆಗಳನ್ನು ತೆಗೆದು ಒಂದೊಂದಾಗಿ ಅಡುಗೆಮನೆಯ ಹಲಗೆಗೆ ಜೋಡಿಸಿದಳು. ಅತ್ತೆ ಸಹಾಯಕ್ಕೆ ಹೋದರೆ, "ಬಿಡಿ, ನಾನು ಇಟ್ಟುಕೊಳ್ತೀನಿ," ಎಂದಳು. ಅವತ್ತಿನಿಂದ ಅವಳು ಅತ್ತೆಯೊಂದಿಗೆ ಮಾತಾಡುವುದು ಉಪ್ಪು ಖಾರದ ಮಟ್ಟಿಗೆ ಮಾತ್ರ. ಸ್ಪೀಕರುಗಳನ್ನು ಕೊಳ್ಳುವವರು ಸಿಗಲಿಲ್ಲ. ಒಂದರ ಮೇಲೆ ಸಾತ್ವಿಕಾಳ ಪುಸ್ತಕ, ಇನ್ನೊಂದರ ಮೇಲೆ ಒಗೆದ ಬಟ್ಟೆ.

ಕಾರ್ತಿಕದ ಒಂದು ಮಧ್ಯಾಹ್ನ ನಂದನ ಘಾಟಿನಿಂದ ಬಂದು ಊಟಕ್ಕೆ ಕೂತ. ಅವನ ಹೆಸರು ಆಗಲೇ ಮೂರು ಜಿಲ್ಲೆಗಳಲ್ಲಿ ಹರಡಿತ್ತು. ಮೇಷ್ಟ್ರು ಕಳಿಸಿದವರೇ ಒಂದು ರೈಲಿನಷ್ಟು. ಇದು ನನ್ನ ಲೆಕ್ಕ, ಒಂದೆರಡು ಬೋಗಿ ಕಡಿಮೆಯಿರಬಹುದು. ಅಕ್ಕ ಸಾರು ಬಡಿಸಿದಳು. ಎದುರು ಕೂತಿದ್ದ ಭಾವ ಬಹಳ ದಿನದ ಮೇಲೆ ಬಾಯಿ ತೆರೆದರು.

"ಕೇಳಿದ್ರಾ ಇವತ್ತು?"

"ಕೇಳಿದ್ರು."

"ಏನಂದೆ?"

"ಮುಟ್ಟಿತು ಅಂದೆ."

"ನಿನಗೆ ಹೇಗೆ ಗೊತ್ತಾಯ್ತು?"

ಭಾವ ಕೊಂಕಿನಿಂದ ಕೇಳಿದ್ದಲ್ಲ. ಮಗನಿಗೆ ಏನಾದರೂ ಗೊತ್ತಾಗಿರಬಹುದು ಎಂಬಂತೆ, ಮುಖ ಮುಂದೆ ಚಾಚಿ ಕೇಳಿದರು. ನಂದನ ಅನ್ನವನ್ನು ಎಲೆಯ ನಡುವೆ ಒಟ್ಟುಮಾಡಿಕೊಂಡ. ಶ್ರೀರಮಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಮ್ಮ," ಎಂದ ಅವನು, "ಮಜ್ಜಿಗೆ ಹಾಕು. ಎರಡು ಗಂಟೆಗೆ ಇನ್ನೊಂದು ಪಾರ್ಟಿ ಇದೆ."